ಯಾರ ಚೀಲ, ಯಾರ ಭದ್ರತೆ?

ನಾನಿರುವ ಅಪಾರ್ಟ್‌ಮೆಂಟಿನಲ್ಲಿ ಮನೆಕೆಲಸಕ್ಕೆ ಬರುವವರು ಗೇಟಿನಲ್ಲಿ ಕೋಡ್ ಒತ್ತಿ ಒಳಗೆ ಬರಬೇಕು, ಹೋಗುವಾಗ ಸೆಕ್ಯುರಿಟಿಯವನ ಮುಂದೆ ಚೀಲ ಬಿಚ್ಚಿ ತೋರಿಸಬೇಕು. ಹಳೆಯ ಸೀರೆಯನ್ನೋ ಮಿಕ್ಕ ಚಿತ್ರಾನ್ನವನ್ನೋ ಕೊಟ್ಟು ಕಳಿಸಿದರೆ ಅದಕ್ಕೂ ಚೀಟಿ ಬರೆದುಕೊಡಬೇಕು. ನಿವಾಸಿಗಳ ಸಂಘದ ಸಭೆಯಲ್ಲಿ ಈ ನಿಯಮ ಬಂದಾಗ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಪಕ್ಕದ ಬ್ಲಾಕಿನಲ್ಲಿ ಕಳುವಾಗಿತ್ತು, ಎಲ್ಲರಿಗೂ ದಿಗಿಲು. ಕೆಲವು ತಿಂಗಳಾದ ಮೇಲೆ ನಮ್ಮ ಮನೆಗೆ ಬರುವಾಕೆಯನ್ನು, "ಚೀಲ ತೋರಿಸೋಕೆ ಬೇಜಾರಾಗಲ್ವಾ?" ಎಂದು ಕೇಳಿದೆ. ಪಾತ್ರೆಯಿಂದ ತಲೆ ಎತ್ತದೆ ಅವಳು ಹೇಳಿದಳು: "ನಿಮ್ ಬ್ಯಾಗೂ ನೋಡ್ತಾರಾ ಅಕ್ಕ?"

ವ್ಯಕ್ತಿ ಸ್ವಾತಂತ್ರ್ಯ ಮುಖ್ಯವೋ ದೇಶದ ಭದ್ರತೆ ಮುಖ್ಯವೋ ಎಂಬ ಚರ್ಚೆಯನ್ನು ಎಷ್ಟೋ ವೇದಿಕೆಗಳಲ್ಲಿ ಕೇಳಿದ್ದೇನೆ, ಒಂದೆರಡು ಕಡೆ ಮಾತಾಡಿಯೂ ಇದ್ದೇನೆ. ಈ ಪ್ರಶ್ನೆಯನ್ನು ಇಷ್ಟು ಚಿಕ್ಕದಾಗಿ ಕೇಳಿದವರನ್ನು ಕಂಡಿರಲಿಲ್ಲ. ಜನ ಏನೆನ್ನುತ್ತಾರೆ ಎಂಬುದಕ್ಕೆ ನೂರು ವರ್ಷದ ಚರಿತ್ರೆಯಿದೆ, ಚುನಾವಣಾ ಫಲಿತಾಂಶಗಳಿವೆ, ಈಚೆಗೆ ಸಮೀಕ್ಷೆಗಳೂ ಇವೆ. ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ 'ಜನ ಸ್ವಾತಂತ್ರ್ಯದ ಪರ', 'ಜನ ಭದ್ರತೆಯ ಪರ' ಎಂಬ ಎರಡು ಮಾತೂ ಸುಳ್ಳು ಅನ್ನಿಸುತ್ತದೆ. ಸ್ವಾತಂತ್ರ್ಯವನ್ನು ಬಿಟ್ಟುಕೊಡಲು ಸಿದ್ಧವೇ ಎಂದು ಕೇಳಿದಾಗ ನಮ್ಮಲ್ಲಿ ಹೆಚ್ಚಿನವರು ಬಿಟ್ಟುಕೊಡುವುದು ಬೇರೆಯವರ ಸ್ವಾತಂತ್ರ್ಯವನ್ನು.

ಬಿಳಿಯರ ಕಾನೂನು, ನಮ್ಮ ಸಂವಿಧಾನ

ಅಪರಾಧ ನಡೆಯುವ ಮೊದಲೇ, ಅನುಮಾನದ ಮೇಲೆ ಒಬ್ಬನನ್ನು ಹಿಡಿದು ಕೂಡಿಹಾಕುವ ಅಧಿಕಾರ ಈ ದೇಶದಲ್ಲಿ ಈಸ್ಟ್ ಇಂಡಿಯಾ ಕಂಪನಿಯಷ್ಟು ಹಳೆಯದು. 1818ರ ಬಂಗಾಳ ರೆಗ್ಯುಲೇಷನ್‌ನಿಂದ ಶುರುವಾಗಿ, ಮೊದಲ ಮಹಾಯುದ್ಧದ ಕಾಲದ 1915ರ ಭಾರತ ರಕ್ಷಣಾ ಕಾಯ್ದೆಯನ್ನು ದಾಟಿ, ಅದು 1919ರ ರೌಲಟ್ ಕಾಯ್ದೆಗೆ ಬಂತು. ಯುದ್ಧ ಮುಗಿದರೂ ಯುದ್ಧಕಾಲದ ಅಧಿಕಾರ ಕೈಬಿಡಲು ಸರ್ಕಾರಕ್ಕೆ ಮನಸ್ಸಿರಲಿಲ್ಲ. 'ವಕೀಲನಿಲ್ಲ, ದಲೀಲಿಲ್ಲ, ಅಪೀಲಿಲ್ಲ' ಎಂದು ಪಂಜಾಬಿನ ಬೀದಿಗಳಲ್ಲಿ ಕೂಗಿದ್ದು ಇದಕ್ಕೇ. ಆ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್ ನಡೆಯಿತು. ಭದ್ರತೆಯ ಹೆಸರಿನ ಕಾನೂನಿನ ವಿರುದ್ಧ ಇಡೀ ದೇಶ ಒಂದೇ ದನಿಯಲ್ಲಿ ನಿಂತ ಸಂದರ್ಭ ಅದು. ಅಷ್ಟು ಒಮ್ಮತ ಮತ್ತೆ ಯಾವತ್ತೂ ಬರಲಿಲ್ಲ. ಕಾರಣ ಸರಳ: ಆಗ ಜೈಲಿಗೆ ಹೋಗುವವರು ನಾವು, ಕಳಿಸುವವರು ಪರದೇಶದವರು.

ಸ್ವಾತಂತ್ರ್ಯ ಬಂದಾಗ ಈ ಅಧಿಕಾರ ಕಾನೂನು ಪುಸ್ತಕದಿಂದ ಹೋಗಬೇಕಿತ್ತು, ಹೋಗಲಿಲ್ಲ. ಬದಲಿಗೆ ಸಂವಿಧಾನದ ಮೂಲಭೂತ ಹಕ್ಕುಗಳ ಅಧ್ಯಾಯದಲ್ಲೇ, 22ನೇ ವಿಧಿಯಾಗಿ, ಜಾಗ ಪಡೆಯಿತು. ಇದರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಒಬ್ಬರ ಪಾತ್ರವಿದೆ. ಸಂವಿಧಾನ ಸಭೆಯ ಸಲಹೆಗಾರ ಬೆನೆಗಲ್ ನರಸಿಂಗ ರಾವ್ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಸರ್ಕಾರದ ಕ್ರಮ ನ್ಯಾಯಯುತವೇ ಎಂದು ಅಳೆಯುವ 'ಡ್ಯೂ ಪ್ರೋಸೆಸ್' ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಡಬೇಡಿ, ಅದು ಕೋರ್ಟಿಗೂ ಭಾರ, ಪ್ರಜಾಪ್ರಭುತ್ವಕ್ಕೂ ಒಳ್ಳೆಯದಲ್ಲ ಎಂಬುದು ಅವರ ಸಲಹೆಯಾಗಿತ್ತು. ಆ ಪದ ಕರಡಿನಿಂದ ಹೋಯಿತು, 'ಕಾನೂನಿನ ಪ್ರಕಾರ ವಿಧಿಸಿದ ಕ್ರಮ' ಬಂತು. ಕಾನೂನು ಮಾಡಿಬಿಟ್ಟರೆ ಸಾಕು, ಆ ಕಾನೂನು ಸರಿಯೇ ಎಂದು ಕೇಳುವಂತಿಲ್ಲ ಎಂಬ ಅರ್ಥ ಅದಕ್ಕಿತ್ತು. ಇದರ ಪರಿಣಾಮವನ್ನು ಸ್ವಲ್ಪವಾದರೂ ತಗ್ಗಿಸಲು ಅಂಬೇಡ್ಕರ್ 22ನೇ ವಿಧಿಯ ರಕ್ಷಣೆಗಳನ್ನು ತಂದರು. ಈ ಹಕ್ಕುಗಳನ್ನು ಪೊಲೀಸ್ ಪೇದೆಯ ಕಣ್ಣಿನಿಂದ ನೋಡಿ ಬರೆದಂತಿದೆ ಎಂದು ಕಮ್ಯುನಿಸ್ಟ್ ಸದಸ್ಯ ಸೋಮನಾಥ ಲಾಹಿರಿ 1947ರಲ್ಲೇ ಕುಟುಕಿದ್ದರು.

ಗಣರಾಜ್ಯ ಹುಟ್ಟಿ ತಿಂಗಳು ತುಂಬುವಷ್ಟರಲ್ಲಿ, 1950ರ ಫೆಬ್ರವರಿಯಲ್ಲಿ, ಮುಂಜಾಗ್ರತಾ ಬಂಧನ ಕಾಯ್ದೆ ಪಾಸಾಯಿತು. ಮಸೂದೆ ಮಂಡಿಸಿದ್ದು ಸರ್ದಾರ್ ಪಟೇಲ್. ಒಂದೇ ವರ್ಷಕ್ಕೆಂದು ಬಂದ ಕಾಯ್ದೆ ಮತ್ತೆ ಮತ್ತೆ ನವೀಕರಣಗೊಂಡು 1969ರ ಕೊನೆಯವರೆಗೂ ಬಾಳಿತು. ದಿಗಿಲು ಇಳಿದ ಮೇಲೂ ಅಧಿಕಾರ ಇಳಿಯದಿರುವುದು ಈ ಚರಿತ್ರೆಯಲ್ಲಿ ಅಲ್ಲಿಂದ ಇಲ್ಲಿಯವರೆಗೂ ಕಾಣುತ್ತದೆ. ನಮ್ಮ ರಾಜ್ಯದ 1985ರ ಗೂಂಡಾ ಕಾಯ್ದೆಯೂ ಇದೇ ವಂಶದ್ದು. ಕಳ್ಳಭಟ್ಟಿಯವರು, ಜೂಜುಕೋರರ ಜೊತೆಗೆ ಸಿನಿಮಾ ಪೈರಸಿ ಮಾಡುವವರೂ ಅದರ ಪಟ್ಟಿಯಲ್ಲಿದ್ದಾರೆ. ಪೈರಸಿ ಕೆಟ್ಟದ್ದೇ, ಆದರೆ ವಿಚಾರಣೆಯಿಲ್ಲದೆ ಒಳಗೆ ಹಾಕುವಷ್ಟು ಕೆಟ್ಟದ್ದೇ ಎಂದು ಯಾರೂ ಕೇಳಿದ ನೆನಪು ನನಗಿಲ್ಲ.

1962ರಲ್ಲಿ ಚೀನಾ ಯುದ್ಧವಾದಾಗ ಅಸ್ಸಾಂ, ಬಂಗಾಳದಲ್ಲಿ ತಲೆಮಾರುಗಳಿಂದ ಬದುಕಿದ್ದ ಚೀನೀ ಮೂಲದ ಸುಮಾರು 3 ಸಾವಿರ ಮಂದಿಯನ್ನು ರೈಲಿಗೆ ಹತ್ತಿಸಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಲಾಯಿತು. ಮಕ್ಕಳೂ ಮುದುಕರೂ ಇದ್ದರು. ಜನಾಭಿಪ್ರಾಯದ ಚರಿತ್ರೆಯಲ್ಲಿ ಇದಕ್ಕೆ ಸಿಕ್ಕಿದ್ದು ಮೌನ.

1977: ಉತ್ತರದ ಉತ್ತರ, ಕರ್ನಾಟಕದ ಉತ್ತರ

ತುರ್ತು ಪರಿಸ್ಥಿತಿಯ ಕಥೆಯನ್ನು ನಾವು ಹೇಳಿಕೊಳ್ಳುವುದು ಹೀಗೆ: ಸ್ವಾತಂತ್ರ್ಯ ಕಸಿದರು, ಜನ ಕಾದು ಕುಳಿತು ಬುದ್ಧಿ ಕಲಿಸಿದರು. ಕನ್ನಡದ ಓದುಗರು ಈ ಕಥೆಯನ್ನು ಒಪ್ಪುವ ಮೊದಲು ತಮ್ಮದೇ ರಾಜ್ಯದ ಲೆಕ್ಕ ನೋಡಬೇಕು.

1975ರ ಜೂನ್ 25ರ ರಾತ್ರಿ ಘೋಷಣೆಯಾದಾಗ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇದ್ದದ್ದು ಬೆಂಗಳೂರಿನಲ್ಲಿ. ಸಂಸದೀಯ ಸಮಿತಿಯ ಸಭೆಗೆ ಬಂದವರನ್ನು ಇಲ್ಲೇ ಹಿಡಿದು ಇಲ್ಲಿನ ಸೆಂಟ್ರಲ್ ಜೈಲಿಗೆ ಹಾಕಿದರು. ಅವರು ಕರ್ನಾಟಕ ಹೈಕೋರ್ಟಿನ ಬಾಗಿಲು ತಟ್ಟಿದರು, ಕೋರ್ಟು ಕೇಳಿಸಿಕೊಂಡಿತು. ಹೀಗೆ ಕೇಳಿಸಿಕೊಂಡ ಹೈಕೋರ್ಟುಗಳ ವಿರುದ್ಧ ಸರ್ಕಾರ ಹೂಡಿದ ಮೇಲ್ಮನವಿಗಳೇ ಒಟ್ಟಾಗಿ 'ಎಡಿಎಂ ಜಬಲ್‌ಪುರ' ಪ್ರಕರಣವಾದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು, ತುರ್ತು ಪರಿಸ್ಥಿತಿಯಲ್ಲಿ ಬಂಧಿತನಿಗೆ ಕೋರ್ಟಿಗೆ ಬರುವ ಹಕ್ಕೇ ಇಲ್ಲ ಎಂದರು. ಇದನ್ನು ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಮುಂದಿನ ಜನವರಿಯಲ್ಲಿ ಅವರಿಗೆ ಸಿಗಬೇಕಿದ್ದ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿತು.

ಅದೇ ಜನವರಿಯಲ್ಲಿ ಸ್ನೇಹಲತಾ ರೆಡ್ಡಿ ತೀರಿಕೊಂಡರು. 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯಾಗಿದ್ದವರು. ಎಂಟು ತಿಂಗಳು ಬೆಂಗಳೂರು ಜೈಲಿನಲ್ಲಿದ್ದರು, ಅಸ್ತಮಾ ಉಲ್ಬಣಿಸಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಕ್ಕೆ ಹೋದರು. ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆಂದು ಬಾಯಿ ಬಿಡಿಸಲು ಅವರ ತಮ್ಮ ಲಾರೆನ್ಸ್ ಅವರನ್ನು ಪೊಲೀಸರು ಹಿಂಸಿಸಿದ್ದೂ ಇದೇ ಊರಿನಲ್ಲಿ. ದೇಶದಲ್ಲಿ ಒಟ್ಟು 1 ಲಕ್ಷ 10 ಸಾವಿರಕ್ಕೂ ಹೆಚ್ಚು ಬಂಧನಗಳಾದವೆಂದು ತುರ್ತು ಪರಿಸ್ಥಿತಿಯ ಬಗ್ಗೆ ತನಿಖೆ ನಡೆಸಿದ ಶಾ ಆಯೋಗ ಲೆಕ್ಕ ಕೊಟ್ಟಿತು.

ಇಷ್ಟಾದ ಮೇಲೆ 1977ರ ಮಾರ್ಚಿನಲ್ಲಿ ಮತ ಎಣಿಕೆಯಾಯಿತು. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು. ಕರ್ನಾಟಕದ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಬಂತು. ಮಂಗಳೂರಿನ ಮಗ ಜಾರ್ಜ್ ಜೈಲಿನಲ್ಲಿದ್ದುಕೊಂಡೇ ಗೆದ್ದರು, ಆದರೆ ಬಿಹಾರದ ಮುಜಫ್ಫರಪುರದಿಂದ. ಮರುವರ್ಷ ಚಿಕ್ಕಮಗಳೂರು ಇಂದಿರಾ ಗಾಂಧಿಯವರನ್ನು ವೀರೇಂದ್ರ ಪಾಟೀಲರ ಎದುರು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆಲ್ಲಿಸಿ ಲೋಕಸಭೆಗೆ ಮರಳಿ ಕಳಿಸಿತು.

ಹಾಗಾದರೆ ಕನ್ನಡಿಗರಿಗೆ ಸ್ವಾತಂತ್ರ್ಯ ಬೇಡವಾಗಿತ್ತೇ? ಒಂದು ವಿವರಣೆ, ಇಲ್ಲಿ ದೇವರಾಜ ಅರಸರ ಭೂಸುಧಾರಣೆ ನಡೆಯುತ್ತಿತ್ತು. ಉಳುವ ಗೇಣಿದಾರನಿಗೆ ಆ ಇಪ್ಪತ್ತೊಂದು ತಿಂಗಳು ಎಂದರೆ ಭೂನ್ಯಾಯ ಮಂಡಳಿಯ ಮುಂದೆ ಹಾಕಿದ ಅರ್ಜಿ, ದೆಹಲಿಯ ಸೆನ್ಸಾರ್ ಅಲ್ಲ. ಇನ್ನೊಂದು ವಿವರಣೆ ದೇಶದ ನಕ್ಷೆಯಲ್ಲಿದೆ. 1976-77ರಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು, ಬಲವಂತ ಹೆಚ್ಚಿದ್ದದ್ದು ಉತ್ತರದ ರಾಜ್ಯಗಳಲ್ಲಿ. ಕಾಂಗ್ರೆಸ್ ಅತಿ ಹೀನಾಯವಾಗಿ ಸೋತದ್ದೂ ಅಲ್ಲೇ. ಪತ್ರಿಕೆಯ ಬಾಯಿ ಕಟ್ಟಿದ್ದು, ನಾಯಕರನ್ನು ಹಿಡಿದದ್ದು ಎರಡೂ ಕಡೆ ನಡೆದಿತ್ತು. ವ್ಯಾನು ಹಳ್ಳಿಗೆ ಬಂದು ನಿಂತ ಕಡೆ, ಗಂಡಸರು ಕಬ್ಬಿನ ಗದ್ದೆಯಲ್ಲಿ ಅಡಗಿದ ಕಡೆ, ಮತ ಬೇರೆಯಾಯಿತು. ನನ್ನ ಓದಿಗೆ ಈ ಎರಡನೆಯ ವಿವರಣೆಯೇ ಹೆಚ್ಚು ಗಟ್ಟಿ. ಅರಸರ ಪಾತ್ರವನ್ನು ಕಡಿಮೆ ಮಾಡಲು ಹೇಳುತ್ತಿಲ್ಲ, ಆದರೆ ಭೂಮಿ ಸಿಕ್ಕವರ ಮತವೊಂದೇ 26 ಸ್ಥಾನ ತರಲಾರದು.

1978ರ 44ನೇ ತಿದ್ದುಪಡಿ ಒಂದು ಬಾಗಿಲಿಗೆ ಚಿಲಕ ಹಾಕಿತು: ತುರ್ತು ಪರಿಸ್ಥಿತಿಯಲ್ಲೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಅಮಾನತು ಮಾಡುವಂತಿಲ್ಲ. ಮುಂಜಾಗ್ರತಾ ಬಂಧನದ ಬಾಗಿಲು ತೆರೆದೇ ಉಳಿಯಿತು. 1980ರಲ್ಲಿ ಅದರಿಂದ ರಾಷ್ಟ್ರೀಯ ಭದ್ರತಾ ಕಾಯ್ದೆ ಒಳಬಂತು.

ರಾಜ್‌ಕುಮಾರ್ ಇಲ್ಲದ 108 ದಿನ

ಪಂಜಾಬಿನ ಉಗ್ರವಾದದ ಬಿಸಿಯಲ್ಲಿ 1985ರಲ್ಲಿ ಟಾಡಾ ಬಂತು. ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುವ, ಜಾಮೀನು ಬಹುತೇಕ ಸಿಗದ ಕಾನೂನು. 1994ರ ಹೊತ್ತಿಗೆ 76 ಸಾವಿರಕ್ಕೂ ಹೆಚ್ಚು ಮಂದಿಯನ್ನು ಇದರಡಿ ಹಿಡಿಯಲಾಗಿತ್ತು, ಶಿಕ್ಷೆಯಾದವರು ಶೇ. 2ಕ್ಕಿಂತ ಕಡಿಮೆ. 1995ರಲ್ಲಿ ಅವಧಿ ಮುಗಿದಾಗ ಅದು ನವೀಕರಣಗೊಳ್ಳಲಿಲ್ಲ. ಕಾಯ್ದೆ ಸತ್ತರೂ ಅದರ ಮೊಕದ್ದಮೆಗಳು ಬದುಕಿದ್ದವು.

ಅವುಗಳಲ್ಲಿ ಒಂದಷ್ಟು ಮೈಸೂರಿನಲ್ಲಿದ್ದವು. ಕಾಡುಗಳ್ಳ ವೀರಪ್ಪನ್‌ಗೆ ನೆರವಾದರೆಂದು ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಗಳಿಂದ, ಗಡಿಯಾಚೆಯಿಂದ ಹಿಡಿದು ತಂದ ಗಂಡಸರು ಹೆಂಗಸರು, 1993ರ ಸುಮಾರಿನಿಂದ ವಿಚಾರಣಾಧೀನ ಕೈದಿಗಳಾಗಿ ಕುಳಿತಿದ್ದರು. ನಾಡಿನ ಮಧ್ಯಮ ವರ್ಗಕ್ಕೆ ಅವರ ಇರವೇ ಗೊತ್ತಿರಲಿಲ್ಲ.

2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ಡಾ. ರಾಜ್‌ಕುಮಾರ್ ಅಪಹರಣವಾಯಿತು. ಬೆಂಗಳೂರು ಬಾಗಿಲು ಹಾಕಿತು, ಚಿತ್ರಮಂದಿರಗಳು ಮುಚ್ಚಿದವು. ವೀರಪ್ಪನ್ ಬೇಡಿಕೆಗಳಲ್ಲೊಂದು, ಮೈಸೂರು ಜೈಲಿನ 51 ಟಾಡಾ ಕೈದಿಗಳ ಬಿಡುಗಡೆ. ಬಿಟ್ಟುಬಿಡಿ, ಅಣ್ಣಾವ್ರು ಬಂದರೆ ಸಾಕು ಎಂಬುದು ಬೀದಿಯ ಅಭಿಪ್ರಾಯವಾಗಿತ್ತು. ಆರೋಪ ಹಿಂತೆಗೆಯಲು ಸರ್ಕಾರ ಮುಂದಾಯಿತು. ಒಬ್ಬರು ಮಾತ್ರ ಅಡ್ಡ ನಿಂತರು: ವೀರಪ್ಪನ್ ಕೈಯಲ್ಲಿ ಮಗನನ್ನು ಕಳೆದುಕೊಂಡ ಪೊಲೀಸ್ ಅಧಿಕಾರಿಯೊಬ್ಬರ ವೃದ್ಧ ತಂದೆ. ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ನವೆಂಬರಿನಲ್ಲಿ ಸರ್ಕಾರದ ಕ್ರಮವನ್ನು ತಳ್ಳಿಹಾಕಿತು. ಅದಾದ ಕೆಲವೇ ದಿನಕ್ಕೆ, 108 ದಿನಗಳ ನಂತರ, ರಾಜ್‌ಕುಮಾರ್ ಮರಳಿದರು. ನಾಡು ಹಬ್ಬ ಮಾಡಿತು, ಮೈಸೂರಿನ ಕೈದಿಗಳು ಮರವೆಗೆ ಸರಿದರು.

ಮರುವರ್ಷ ಮೈಸೂರಿನ ಟಾಡಾ ಕೋರ್ಟು ಅವರಲ್ಲಿ ಬಹುಪಾಲು ಮಂದಿಯನ್ನು ಖುಲಾಸೆ ಮಾಡಿತು. ಎಂಟು ವರ್ಷದ ಮೇಲೆ, 'ಸಾಬೀತಾಗಿಲ್ಲ' ಎಂದು. ವೀರಪ್ಪನ್ ಬೇಟೆಗಿದ್ದ ವಿಶೇಷ ಕಾರ್ಯಪಡೆಯ ದೌರ್ಜನ್ಯದ ದೂರುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಕೇಳಿತು, 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಒಂದಷ್ಟು ಸಂತ್ರಸ್ತರಿಗೆ ಪರಿಹಾರ ಕೊಡಿಸಿತು.

ಈ ಪ್ರಕರಣದ ಬಗ್ಗೆ ಎಷ್ಟು ಯೋಚಿಸಿದರೂ ಸಾಲದು. ಅದೇ ಕೈದಿಗಳು, ಅದೇ ಕಾನೂನು, ಅದೇ ಜನ. ಜುಲೈ 29ರಂದು ಅವರು ದೇಶಕ್ಕೆ ಅಪಾಯಕಾರಿಗಳು, ಆಗಸ್ಟ್‌ನಲ್ಲಿ ಬಿಟ್ಟರೂ ನಡೆಯುತ್ತದೆ. ಅವರ ಮೇಲಿನ ಆರೋಪ ನಿಜವೇ ಸುಳ್ಳೇ ಎಂಬುದು ಎರಡು ದಿನವೂ ಯಾರ ತಲೆಯಲ್ಲೂ ಇರಲಿಲ್ಲ.

ಮುಂದಿನದ್ದನ್ನು ಬೇಗ ಹೇಳಬಹುದು. 2001ರ ಸಂಸತ್ ದಾಳಿಯ ನಂತರ ಪೋಟಾ ಬಂತು, ಜಂಟಿ ಅಧಿವೇಶನ ಕರೆದು ಪಾಸು ಮಾಡಿದರು, 2004ರಲ್ಲಿ ರದ್ದಾಯಿತು. ಅದರ ತಿರುಳು ಮಾತ್ರ 1967ರ ಯುಎಪಿಎ ಒಳಗೆ ತಿದ್ದುಪಡಿಯಾಗಿ ಸೇರಿತು. 2008ರ ಮುಂಬೈ ದಾಳಿಯ ನಂತರ ಅದು ಇನ್ನಷ್ಟು ಬಿಗಿಯಾಯಿತು, 2019ರಿಂದ ಸಂಘಟನೆಯಷ್ಟೇ ಅಲ್ಲ, ಒಬ್ಬ ವ್ಯಕ್ತಿಯನ್ನೂ ಉಗ್ರನೆಂದು ಘೋಷಿಸಬಹುದು. 2016ರಿಂದ 2019ರವರೆಗೆ ಇದರಡಿ ಬಂಧಿತರು 5,922, ಶಿಕ್ಷೆಯಾದವರು 132 ಎಂದು ಸರ್ಕಾರವೇ ಸಂಸತ್ತಿಗೆ ಹೇಳಿತು. ಟಾಡಾ ಹೋಯಿತು, ಪೋಟಾ ಹೋಯಿತು, ಎರಡಕ್ಕೂ ಅವಧಿಯ ಷರತ್ತಿತ್ತು. ಯುಎಪಿಎಗೆ ಅದಿಲ್ಲ.

ಪಂಥಗಳು ಏನು ಹೇಳುತ್ತವೆ

ಮೊದಲನೆಯದು ತಕ್ಕಡಿ ಪಂಥ. ಸ್ವಾತಂತ್ರ್ಯ ಒಂದು ತಟ್ಟೆ, ಭದ್ರತೆ ಇನ್ನೊಂದು. ಅಪಾಯ ಹೆಚ್ಚಿದಾಗ ಮುಳ್ಳು ಈ ಕಡೆ ವಾಲಬೇಕು, ಇಳಿದಾಗ ಆ ಕಡೆ. ಎರಿಕ್ ಪೋಸ್ನರ್ ಮತ್ತು ಏಡ್ರಿಯನ್ ವರ್ಮ್ಯೂಲ್ 2007ರ ತಮ್ಮ ಪುಸ್ತಕದಲ್ಲಿ ಇದನ್ನು ಬಲವಾಗಿ ಮಂಡಿಸಿದರು: ತುರ್ತಿನ ಹೊತ್ತಿನಲ್ಲಿ ಮಾಹಿತಿ ಇರುವುದು ಸರ್ಕಾರದ ಬಳಿ, ಕೋರ್ಟುಗಳು ಪಕ್ಕಕ್ಕೆ ನಿಲ್ಲಲಿ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಊಟದ ಹೊತ್ತಿಗೆ ಬಾಂಬ್ ಸಿಡಿಯಿತು. ಟೋಪಿ ತೊಟ್ಟು ಚೀಲ ಇಟ್ಟುಹೋದ ವ್ಯಕ್ತಿಯ ಜಾಡನ್ನು ಹಿಡಿಯಲು ನೆರವಾದದ್ದು ಹೋಟೆಲಿನ, ರಸ್ತೆಯ, ಬಿಎಂಟಿಸಿ ಬಸ್ಸಿನ ಕ್ಯಾಮೆರಾಗಳು. ಆರು ವಾರದಲ್ಲಿ ಎನ್‌ಐಎ ಕೋಲ್ಕತ್ತಾ ಬಳಿ ಇಬ್ಬರನ್ನು ಹಿಡಿಯಿತು. ದೋಸೆ ತಿನ್ನಲು ಹೋದವನು ಕ್ಷೇಮವಾಗಿ ಮನೆಗೆ ಬರಬೇಕೆಂಬುದೂ ಸ್ವಾತಂತ್ರ್ಯವೇ. ಭದ್ರತೆಯನ್ನು ಬರೀ ಸರ್ಕಾರದ ನೆಪವೆಂದು ಕಾಣುವ ಉದಾರವಾದಿ ಗೆಳೆಯರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಎರಡನೆಯದು ತಕ್ಕಡಿಯನ್ನೇ ಒಪ್ಪದ ಪಂಥ. ನ್ಯೂಜಿಲೆಂಡ್ ಮೂಲದ ಚಿಂತಕ ಜೆರೆಮಿ ವಾಲ್ಡ್ರನ್ 2003ರ ಪ್ರಬಂಧವೊಂದರಲ್ಲಿ ಎತ್ತಿದ ಆಕ್ಷೇಪ, ನಮ್ಮ ಮನೆಗೆಲಸದಾಕೆಯ ಪ್ರಶ್ನೆಯೇ. ತಕ್ಕಡಿ ಎಂದೊಡನೆ ಪ್ರತಿಯೊಬ್ಬನೂ ತನ್ನ ಸ್ವಾತಂತ್ರ್ಯದ ಒಂದು ಚೂರು ಕೊಟ್ಟು ತನ್ನ ಭದ್ರತೆ ಕೊಳ್ಳುತ್ತಾನೆಂಬ ಚಿತ್ರ ಬರುತ್ತದೆ. ನಡೆಯುವುದು ಹಾಗಲ್ಲ. ಕೆಲವರ ಸ್ವಾತಂತ್ರ್ಯದ ಬೆಲೆಗೆ ಬಹುಜನರ ಭದ್ರತೆ, ಅಥವಾ ಭದ್ರತೆಯ ಭಾವನೆ ಬರುತ್ತದೆ. ಕೊಡುವ ಕೈ ಬೇರೆ, ಪಡೆಯುವ ಕೈ ಬೇರೆ ಆದಾಗ ಅದನ್ನು ಸಮತೋಲನ ಎನ್ನುವುದು ಹೇಗೆ? ಜೊತೆಗೆ, ಕೊಟ್ಟದ್ದಕ್ಕೆ ಪ್ರತಿಯಾಗಿ ಭದ್ರತೆ ನಿಜಕ್ಕೂ ಹೆಚ್ಚಿತೇ ಎಂದು ಯಾರೂ ಲೆಕ್ಕ ತೋರಿಸುವುದಿಲ್ಲ.

ಮೂರನೆಯವರು ಸಮೀಕ್ಷಕರು. ಇವರಿಗೆ ಸರಿ ತಪ್ಪುಗಳ ಹಂಗಿಲ್ಲ, ಜನ ಯಾಕೆ ಹಾಗೆ ಉತ್ತರಿಸುತ್ತಾರೆ ಎಂಬುದಷ್ಟೇ ಬೇಕು. ಇವರ ಮೂಲಪುರುಷ ಸ್ಯಾಮ್ಯುಯೆಲ್ ಸ್ಟೌಫರ್. ಕಮ್ಯುನಿಸ್ಟ್ ಬೇಟೆಯ ಕಾಲದಲ್ಲಿ ಅಮೆರಿಕದಲ್ಲಿ ಸಮೀಕ್ಷೆ ನಡೆಸಿ 1955ರಲ್ಲಿ ಪ್ರಕಟಿಸಿದರು. ತಾನು ಕಮ್ಯುನಿಸ್ಟ್ ಎಂದು ಒಪ್ಪಿಕೊಂಡವನು ನಿಮ್ಮೂರಲ್ಲಿ ಭಾಷಣ ಮಾಡಬಹುದೇ ಎಂದರೆ ಬಹುಪಾಲು ಜನ ಕೂಡದು ಎಂದರು. ಆದರೆ ನಿಮ್ಮ ಚಿಂತೆಗಳೇನು ಎಂದು ಮುಕ್ತವಾಗಿ ಕೇಳಿದಾಗ ಕಮ್ಯುನಿಸ್ಟರ ಅಪಾಯವನ್ನಾಗಲಿ ನಾಗರಿಕ ಸ್ವಾತಂತ್ರ್ಯವನ್ನಾಗಲಿ ಹೆಸರಿಸಿದವರು ಶೇ. 1ಕ್ಕಿಂತ ಕಡಿಮೆ. ಜನರ ಚಿಂತೆ ಮಗನ ಕೆಮ್ಮು, ಮನೆಯ ಸಾಲ. ನಾವು ಕೇಳಿದ್ದರಿಂದಷ್ಟೇ ಹುಟ್ಟಿದ ಅಭಿಪ್ರಾಯವನ್ನು 'ಜನಾಭಿಪ್ರಾಯ' ಎನ್ನಬಹುದೇ ಎಂಬ ತೊಡಕು ಅಂದೇ ಹುಟ್ಟಿತು.

ಈ ಸಮೀಕ್ಷಕರೊಳಗೂ ಎರಡು ಬಣಗಳಿವೆ. ಭಯವೇ ಮುಖ್ಯ ಎನ್ನುವವರು ಘಟನೆಗಳ ಏರಿಳಿತ ತೋರಿಸುತ್ತಾರೆ. ಉಗ್ರವಾದ ತಡೆಯಲು ಸಾಮಾನ್ಯನು ಸ್ವಲ್ಪ ಸ್ವಾತಂತ್ರ್ಯ ಬಿಡಬೇಕೇ ಎಂದು ಅಮೆರಿಕದಲ್ಲಿ ಕೇಳಿದಾಗ ಹೌದೆಂದವರು 1997ರಲ್ಲಿ ಶೇ. 29, ಅವಳಿ ಗೋಪುರ ಬಿದ್ದ ನಂತರ ಶೇ. 55, ಹತ್ತು ವರ್ಷದ ಮೇಲೆ ಶೇ. 40. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಅಮೆರಿಕ ಸರ್ಕಾರದ ರಹಸ್ಯ ಕಣ್ಗಾವಲನ್ನು ಬಯಲು ಮಾಡಿದ ಬೆನ್ನಲ್ಲೇ, ಸರ್ಕಾರ ಅತಿ ಮಾಡಿತು ಎನ್ನುವವರು ಸಾಲದು ಎನ್ನುವವರನ್ನು ಮೊದಲ ಬಾರಿಗೆ ಮೀರಿಸಿದರು. ನಂಬಿಕೆಯೇ ಮುಖ್ಯ ಎನ್ನುವವರಿಗೆ ಡ್ಯಾರೆನ್ ಡೇವಿಸ್ ಮತ್ತು ಬ್ರಯನ್ ಸಿಲ್ವರ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ಆಧಾರ. ಸರ್ಕಾರವನ್ನು ನಂಬುವವರು ಹೆದರಿದಾಗ ಹೆಚ್ಚು ಬಿಟ್ಟುಕೊಡುತ್ತಾರೆ, ನಂಬದವರು ಹೆದರಿದರೂ ಅಷ್ಟಾಗಿ ಬಿಡುವುದಿಲ್ಲ. ಕರಿಯ ಅಮೆರಿಕನ್ನರು ದಾಳಿಯ ಬಿಸಿಯಲ್ಲೂ ಬಿಳಿಯರಷ್ಟು ಸುಲಭವಾಗಿ ಒಪ್ಪಲಿಲ್ಲ, ಪೊಲೀಸರ ಕೈ ಯಾರ ಮೇಲೆ ಬೀಳುತ್ತದೆಂದು ಅವರಿಗೆ ಗೊತ್ತಿತ್ತು.

ನಮ್ಮಲ್ಲಿ ಇಂಥ ಅಧ್ಯಯನ ವಿರಳ. ಕಾಮನ್ ಕಾಸ್ ಮತ್ತು ಲೋಕನೀತಿ-ಸಿಎಸ್‌ಡಿಎಸ್ 2023ರಲ್ಲಿ ಪ್ರಕಟಿಸಿದ ಪೊಲೀಸ್ ಸ್ಥಿತಿಗತಿ ವರದಿ ಕಣ್ಗಾವಲನ್ನೇ ವಿಷಯವಾಗಿ ಇಟ್ಟುಕೊಂಡಿತ್ತು, 12 ರಾಜ್ಯಗಳಲ್ಲಿ ಸುಮಾರು 10 ಸಾವಿರ ಜನರನ್ನು ಮಾತಾಡಿಸಿತು. ಸಿಸಿಟಿವಿಗೆ ಭಾರಿ ಬೆಂಬಲ ಕಂಡಿತು; ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ಸುಪ್ರೀಂ ಕೋರ್ಟ್ ತೀರ್ಪಿನ ಬಗ್ಗೆ ಬಹುತೇಕರು ಕೇಳಿಯೇ ಇರಲಿಲ್ಲ. ಉಳ್ಳವರಲ್ಲಿ ಕಣ್ಗಾವಲಿಗೆ ಒಪ್ಪಿಗೆ ಹೆಚ್ಚು, ಬಡವರಲ್ಲಿ, ಆದಿವಾಸಿಗಳಲ್ಲಿ, ಮುಸ್ಲಿಮರಲ್ಲಿ ಅನುಮಾನ ಹೆಚ್ಚು. ನಂಬಿಕೆಯ ಬಣದ ಮಾತು ಇಲ್ಲಿಗೂ ಸಲ್ಲುತ್ತದೆ.

ಒಂದೇ ಊರಿನಿಂದ ಎರಡು ವಾದ

ಆಧಾರ್‌ನ ರೂವಾರಿ ನಂದನ್ ನಿಲೇಕಣಿ ಬೆಂಗಳೂರಿನವರು. ಅದನ್ನು 2012ರಲ್ಲಿ, 86ನೇ ವಯಸ್ಸಿನಲ್ಲಿ ಪ್ರಶ್ನಿಸಿದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರೂ ಬೆಂಗಳೂರಿನವರು. ಅವರ ಅರ್ಜಿಯಿಂದಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಅದೇ ತೀರ್ಪಿನಲ್ಲಿ ಜಬಲ್‌ಪುರ ತೀರ್ಪನ್ನೂ ಹೂತರು, ಹೂತ ಡಿ.ವೈ. ಚಂದ್ರಚೂಡ್ ಅವರ ತಂದೆ 1976ರ ಆ ನಾಲ್ವರಲ್ಲಿ ಒಬ್ಬರು. ಮರುವರ್ಷ ಆಧಾರ್ ಮಾತ್ರ 4-1ರಲ್ಲಿ ಉಳಿದುಕೊಂಡಿತು, ಕೆಲವು ಕಡ್ಡಾಯಗಳು ಬಿದ್ದವು.

ಜನ? ಕೋರ್ಟಿನಲ್ಲಿ ಹೋರಾಟ ನಡೆದಷ್ಟೂ ಕಾಲ ಸಾಲಿನಲ್ಲಿ ನಿಂತು ಹೆಬ್ಬೆಟ್ಟು ಒತ್ತಿದರು. ಇದನ್ನು ಒಪ್ಪಿಗೆ ಎಂದು ಓದುವವರಿದ್ದಾರೆ. ರೇಷನ್ ಅಂಗಡಿಯಲ್ಲಿ ಬೆರಳಿನ ಗುರುತು ಹೊಂದದೆ ಮೂರು ಸಲ ಒರೆಸಿ ಒತ್ತುವ ಅಜ್ಜಿಯನ್ನು ನೋಡಿದವರಿಗೆ ಒಪ್ಪಿಗೆ ಮತ್ತು ಬೇರೆ ದಾರಿಯಿಲ್ಲದಿರುವುದರ ನಡುವಿನ ಅಂತರ ಗೊತ್ತು. ವಿಮಾನ ನಿಲ್ದಾಣದಲ್ಲಿ ಮುಖ ತೋರಿಸಿ ಒಳಹೋಗುವ ಡಿಜಿಯಾತ್ರಾ ಇನ್ನೊಂದು ಬಗೆ. ಅಲ್ಲಿ ಬೇರೆ ಸಾಲು ಇದೆ, ಆದರೂ ನಾವು ಮುಖ ಕೊಡುತ್ತೇವೆ, ಹತ್ತು ನಿಮಿಷ ಉಳಿಯುತ್ತದೆಂದು. 'ಮುಚ್ಚಿಡಲು ನನ್ನಲ್ಲೇನಿದೆ' ಎಂಬ ಮಾತನ್ನು ನಾನು ಹೆಚ್ಚು ಕೇಳಿರುವುದು ಈ ಮುಖ ಕೊಡುವ ಸಾಲಿನಲ್ಲಿ.

ಬೀದರಿನ ಶಾಲೆಯೊಂದರಲ್ಲಿ 2020ರ ಜನವರಿಯಲ್ಲಿ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ಆಡಿದ ನಾಟಕಕ್ಕೆ ದೇಶದ್ರೋಹದ ಕೇಸಾಯಿತು. ಶಿಕ್ಷಕಿಯೊಬ್ಬರು ಮತ್ತು ಒಬ್ಬ ಬಾಲಕಿಯ ತಾಯಿ ಜೈಲಿಗೆ ಹೋದರು. ಸಮವಸ್ತ್ರದಲ್ಲಿದ್ದ ಪೊಲೀಸರು ಮಕ್ಕಳನ್ನು ಕೂರಿಸಿಕೊಂಡು ದಿನಗಟ್ಟಲೆ ಪ್ರಶ್ನಿಸಿದರು. ಪ್ರಕರಣವನ್ನು ಹೈಕೋರ್ಟು ರದ್ದು ಮಾಡಿದ್ದು 2023ರಲ್ಲಿ. ಒಂಬತ್ತು ಹತ್ತು ವರ್ಷದ ಮಕ್ಕಳ ನಾಟಕದಿಂದ ದೇಶಕ್ಕೆ ಯಾವ ಅಪಾಯ ಬಂದಿತ್ತೆಂದು ಯಾವ ಸಮೀಕ್ಷೆಯೂ ಕೇಳಿಲ್ಲ. ಕೇಳಿದ್ದರೂ ಉತ್ತರ, ಉತ್ತರಿಸುವವರ ಹೆಸರು ನೋಡಿ ಬೇರೆಯಾಗುತ್ತಿತ್ತೇನೋ.

ಇನ್ನೂ ಇತ್ಯರ್ಥವಾಗದ್ದು

ಮೊದಲ ತೊಡಕು, ಯಾರ ಅಭಿಪ್ರಾಯ ಎಂಬುದು. ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ 1958ರಿಂದ ಇದೆ. ಅದರ ಬಗ್ಗೆ ಮಂಡ್ಯದವರ ಅಭಿಪ್ರಾಯವೂ ನಾಗಾಲ್ಯಾಂಡಿನ ಮೋನ್ ಜಿಲ್ಲೆಯವರ ಅಭಿಪ್ರಾಯವೂ ಒಂದೇ ತೂಕದ್ದೇ? 2021ರ ಡಿಸೆಂಬರಿನಲ್ಲಿ ಮೋನ್‌ನ ಓಟಿಂಗ್‌ನಲ್ಲಿ ಕಲ್ಲಿದ್ದಲು ಗಣಿಯಿಂದ ಮನೆಗೆ ಮರಳುತ್ತಿದ್ದವರ ಮೇಲೆ ಸೇನೆ ಗುಂಡು ಹಾರಿಸಿತು. ಹತ್ತಿರದವರ ಅಭಿಪ್ರಾಯವೇ ಸರಿ ಎಂದು ಥಟ್ಟನೆ ಹೇಳಿಬಿಡಲೂ ಆಗದು. ಆ ಕಾಯ್ದೆಯ ವಿರುದ್ಧ ಹದಿನಾರು ವರ್ಷ ಅನ್ನ ಬಿಟ್ಟ ಇರೋಮ್ ಶರ್ಮಿಳಾ 2017ರಲ್ಲಿ ಮಣಿಪುರದಲ್ಲಿ ಚುನಾವಣೆಗೆ ನಿಂತರು. ಸಿಕ್ಕಿದ್ದು 90 ಮತ. ಕಾಯ್ದೆಯನ್ನು ಅಲ್ಲಿನ ಜನ ಒಪ್ಪಿದರೆಂದೇ? ಅಲ್ಲವೇ ಅಲ್ಲ. ಹಾಗಾದರೆ ಮತಪೆಟ್ಟಿಗೆ ಏನನ್ನು ಅಳೆಯಿತು? 1977ರ ಕರ್ನಾಟಕಕ್ಕೂ ಇದೇ ಪ್ರಶ್ನೆ.

ಎರಡನೆಯದು, ಹಕ್ಕಿನ ವಿಷಯದಲ್ಲಿ ಬಹುಮತಕ್ಕೆ ಮಾತಿದೆಯೇ ಎಂಬುದು. ಹಕ್ಕು ಇರುವುದೇ ಬಹುಮತದಿಂದ ಕಾಪಾಡಲು ಎಂಬ ವಾದ ಹಳೆಯದು. ಆದರೆ ಜನರ ಬೆಂಬಲವಿಲ್ಲದ ಹಕ್ಕು ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು 1976 ತೋರಿಸಿತು. ಕೋರ್ಟುಗಳೂ ಪತ್ರಿಕೆ ಓದುತ್ತವೆ. ಯುಎಪಿಎ ಜಾಮೀನಿನ ಬಗ್ಗೆ ಸುಪ್ರೀಂ ಕೋರ್ಟೇ 2019ರಲ್ಲಿ ಒಂದು ದಾರಿ, 2021ರಲ್ಲಿ ಇನ್ನೊಂದು ದಾರಿ ಹಿಡಿದಿದೆ. ಯಾವುದು ನಡೆಯುತ್ತದೆಂಬುದು ಇವತ್ತಿಗೂ ಬೆಂಚು ನೋಡಿ ಹೇಳಬೇಕಾದ ಮಾತು.

ಮೂರನೆಯದು, ಕಣ್ಗಾವಲಿಡುವವರ ಮೇಲೆ ಕಣ್ಣಿಡುವವರು ಯಾರು ಎಂಬುದು. ಇದಕ್ಕೂ ಒಂದು ಕನ್ನಡದ ಕೊಂಡಿಯಿದೆ. ಫೋನ್ ಕದ್ದಾಲಿಕೆಯ ವಿವಾದದಲ್ಲಿ 1988ರ ಆಗಸ್ಟಿನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಕದ್ದಾಲಿಕೆಗೆ ಕುರ್ಚಿ ಬಿಟ್ಟವರನ್ನು ಆಮೇಲೆ ಈ ರಾಜ್ಯ ಕಂಡಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟು ಕದ್ದಾಲಿಕೆಗೆ ಕಟ್ಟಳೆ ವಿಧಿಸಿತು: ಗೃಹ ಕಾರ್ಯದರ್ಶಿಯ ಆದೇಶ ಬೇಕು, ಅದನ್ನು ಪರಿಶೀಲನಾ ಸಮಿತಿ ನೋಡಬೇಕು. ನ್ಯಾಯಾಧೀಶರ ಅನುಮತಿ ಬೇಕೆನ್ನಲಿಲ್ಲ. 2021ರಲ್ಲಿ, ಪೆಗಾಸಸ್ ಎಂಬ ಗೂಢಚಾರ ತಂತ್ರಾಂಶದ ವಿವಾದದಲ್ಲಿ, ದೇಶದ ಭದ್ರತೆ ಎಂದ ಮಾತ್ರಕ್ಕೆ ಸರ್ಕಾರ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು ಎಂದು ಕೋರ್ಟು ಹೇಳಿ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೇಲ್ವಿಚಾರಣೆಯಲ್ಲಿ ಸಮಿತಿ ರಚಿಸಿತು. ಪರೀಕ್ಷಿಸಿದ 29 ಫೋನುಗಳಲ್ಲಿ ಐದರಲ್ಲಿ ಏನೋ ಕುತಂತ್ರಾಂಶ ಸಿಕ್ಕಿತು, ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. 2023ರ ದತ್ತಾಂಶ ರಕ್ಷಣಾ ಕಾಯ್ದೆ ಭದ್ರತೆಯ ಹೆಸರಿನಲ್ಲಿ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅವಕಾಶ ಇಟ್ಟುಕೊಂಡಿದೆ.

ಪರಿಶೀಲನಾ ಸಮಿತಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯ 2018ರ ವರದಿ ಒಂದೇ ಲೆಕ್ಕದಲ್ಲಿ ಹೇಳಿದೆ. ಎರಡು ತಿಂಗಳಿಗೊಮ್ಮೆ ಸೇರುವ ಈ ಸಮಿತಿಯ ಮುಂದೆ ಪ್ರತಿ ಸಭೆಗೆ 15 ಸಾವಿರದಿಂದ 18 ಸಾವಿರ ಕದ್ದಾಲಿಕೆ ಆದೇಶಗಳು ಬರುತ್ತವೆ. ಒಂದಕ್ಕೆ ಒಂದೇ ನಿಮಿಷ ಎಂದರೂ 15 ಸಾವಿರಕ್ಕೆ 250 ಗಂಟೆ ಬೇಕು. ಮೇಜಿನ ಸುತ್ತ ಕೂರುವವರು ಮೂವರು, ಮೂವರೂ ಸರ್ಕಾರದ ಕಾರ್ಯದರ್ಶಿಗಳು. ಯಾರ ಮಾತನ್ನು ಕೇಳಿಸಿಕೊಳ್ಳಲಾಯಿತೋ ಅವರಿಗೆ, ಕೇಸೆಲ್ಲ ಮುಗಿದ ಮೇಲಾದರೂ, ಒಂದು ಸಾಲಿನ ಪತ್ರ ಬರೆದು ತಿಳಿಸಬೇಕೆಂಬ ನಿಯಮ ನಮ್ಮಲ್ಲಿ ಇಲ್ಲ.